ಎರಡಿಂಚಿನ ಎತ್ತರ

ಗಣೇಶಗುಡಿಯ ಕಡೆ ಹಳೆಯ ಗಾಡಿ ಕೊಳ್ಳಲು ಬಂದವರು ಮೊದಲು ಬಾನೆಟ್ ಎತ್ತುವುದಿಲ್ಲ. ಮಂಡಿಯೂರಿ, ತಲೆ ತಗ್ಗಿಸಿ ಗಾಡಿಯ ಹೊಟ್ಟೆ ನೋಡುತ್ತಾರೆ. ಚೇಂಬರಿನ ಮೇಲೆ ಕಲ್ಲು ಗೀರಿದ ಗುರುತು ಇದೆಯೇ, ಸೈಲೆನ್ಸರ್ ಚಪ್ಪಟೆಯಾಗಿದೆಯೇ, ಹಿಂದಿನ ಹೌಸಿಂಗಿನ ಬುರುಡೆ ಬಣ್ಣ ಕಳೆದುಕೊಂಡು ಮಿರುಗುತ್ತಿದೆಯೇ ಎಂದು ನೋಡಿದರೆ ಸಾಕು, ಆ ಗಾಡಿ ಎಂಥ ದಾರಿಯಲ್ಲಿ ದುಡಿದಿದೆ ಎಂಬುದು ಗೊತ್ತಾಗಿಬಿಡುತ್ತದೆ. ಹಳಿಯಾಳ, ಮುಂಡಗೋಡದ ಬಯಲಲ್ಲಿ ಭತ್ತ, ಗೋವಿನಜೋಳ, ಕಬ್ಬು ಹೊತ್ತು ಓಡಿದ ಪಿಕಪ್ಪಿನ ಹೊಟ್ಟೆಗೆ ಧೂಳು ಹಿಡಿದಿರುತ್ತದೆ. ನಮ್ಮ ಜೊಯಿಡಾ ತಾಲ್ಲೂಕಿನ ಕಾಡುದಾರಿಯ ಪಿಕಪ್ಪಿಗೆ ಮೈಯೆಲ್ಲ ಸರಿಯಿದ್ದರೂ ಹೊಟ್ಟೆ ತುಂಬ ಗಾಯ. ಆ ಗಾಯ ಆಗದಂತೆ ಗಾಡಿಯನ್ನು ನೆಲದಿಂದ ಒಂದಿಷ್ಟು ಮೇಲೆತ್ತುವುದು ಹೇಗೆ ಎಂಬುದು ಇಲ್ಲಿ ಪಿಕಪ್ ಇಟ್ಟುಕೊಂಡ ಪ್ರತಿಯೊಬ್ಬರ ಮಾತು. ಚಹದಂಗಡಿಯ ಬೆಂಚಿನ ಮೇಲೆ ಕುಳಿತರೆ ಮಳೆ, ಅಡಿಕೆ ರೇಟು, ಆನೆ, ಆಮೇಲೆ ಇದೇ ಮಾತು.

ಊರಿನ ಲಕ್ಷಣವೇ ಹಾಗಿದೆ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರಕ್ಕೆ ನಿಂತಿರುವ ಸೂಪಾ ಅಣೆಕಟ್ಟು ನಮ್ಮ ತಲೆಯ ಮೇಲೆಯೇ ಇದೆ. ಕಾಳಿಯೂ ಪಾಂಡರಿಯೂ ಕೂಡುವ ತಗ್ಗಿನಲ್ಲಿದ್ದ ಹಳೆಯ ಸೂಪಾ ಪಟ್ಟಣ, ಅದರ ಪೇಟೆ, ಕಚೇರಿ, ಮನೆ ಮಾರು ಎಲ್ಲವೂ ನೀರಿನಡಿಗೆ ಹೋದವು. ತಾಲ್ಲೂಕಿನ ಕೇಂದ್ರ ಜೊಯಿಡಾಕ್ಕೆ ಬಂತು. ಮುಳುಗಡೆಯಾದ ಎಷ್ಟೋ ಕುಟುಂಬಗಳು ರಾಮನಗರ ಸೇರಿದವು. ನದಿಯ ದಂಡೆ ಹಿಡಿದು ಹೋಗುತ್ತಿದ್ದ ತಗ್ಗಿನ ದಾರಿಗಳು ಜಲಾಶಯದ ಪಾಲಾದ ಮೇಲೆ ಜನ ಗುಡ್ಡದ ಓರೆಯ ದಾರಿಗಳನ್ನೇ ನೆಚ್ಚಬೇಕಾಯಿತು. ದಾಂಡೇಲಿಯಿಂದ ಬರುವ ಡಾಂಬರು ರಸ್ತೆಯಲ್ಲಿ ಪ್ರವಾಸಿಗರ ಕಾರುಗಳು ಸಲೀಸಾಗಿ ಬಂದು ರಾಫ್ಟಿಂಗ್ ಮುಗಿಸಿ ಹೋಗುತ್ತವೆ. ಅದೇ ಡಾಂಬರನ್ನು ಬಿಟ್ಟು ಕಾಡಿನೊಳಗಿನ ಮಜರೆಗಳ ಕಡೆ ತಿರುಗಿದರೆ ಕೆಂಪು ಮಣ್ಣು, ಚಿರೆಕಲ್ಲಿನ ಮೊನೆ, ಬೇರು, ಹಳ್ಳ. ಜೂನ್ ತಿಂಗಳು ಬಂತೆಂದರೆ ಆ ದಾರಿಯೇ ಒಂದು ಹಳ್ಳ.

ಆ ದಾರಿಯ ಕೊನೆಯಲ್ಲಿ ಮನೆಗಳಿವೆ. ಕುಣಬಿಗಳಿದ್ದಾರೆ, ಗೌಳಿಗಳಿದ್ದಾರೆ, ಸಿದ್ದಿಗಳಿದ್ದಾರೆ, ಅಡಿಕೆ ತೋಟ ಮಾಡಿಕೊಂಡ ಹವ್ಯಕರಿದ್ದಾರೆ. ಅವರ ಮನೆಗೆ ಸಿಮೆಂಟು, ಶೀಟು, ಗೊಬ್ಬರ, ಗ್ಯಾಸ್ ಸಿಲಿಂಡರು ಹೋಗಬೇಕು. ಅಲ್ಲಿಂದ ಅಡಿಕೆ, ಗೇರುಬೀಜ, ಹಲಸು, ಮುರುಗಲು ಹೊರಗೆ ಬರಬೇಕು. ಜನವರಿಯಲ್ಲಿ ಜೊಯಿಡಾದ ಗೆಡ್ಡೆ ಗೆಣಸು ಮೇಳದಲ್ಲಿ ಕುಣಬಿ ಹೆಂಗಸರು ಒಪ್ಪವಾಗಿ ಜೋಡಿಸಿಟ್ಟು ಮಾರುವ ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ, ಬಗೆಬಗೆಯ ಗೆಣಸು ಮೊದಲು ಇಂಥ ದಾರಿಯನ್ನು ದಾಟಿ ಬಂದಿರುತ್ತವೆ. ಮಳೆಗಾಲದ ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಕಾಣಿಸಿಕೊಂಡರೆ ಆಂಬ್ಯುಲೆನ್ಸು ಡಾಂಬರಿನ ತುದಿಯ ತನಕ ಬರುತ್ತದೆ. ಮನೆಯಿಂದ ಅಲ್ಲಿಗೆ ತಲುಪಿಸುವುದು ಒಂದೋ ಬಿದಿರಿಗೆ ಕಂಬಳಿ ಕಟ್ಟಿದ ಜೋಳಿಗೆ, ಇಲ್ಲವೇ ಊರಿನ ಯಾವುದಾದರೂ ಪಿಕಪ್ಪು. ಹೀಗಾಗಿ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಜಾಗ ಇದೆ ಎಂಬುದನ್ನು ನಾನು ಶೋಕಿಯ ವಿಚಾರ ಎಂದು ಯಾವತ್ತೂ ಎಣಿಸಿಲ್ಲ.

ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯನ್ನೇ ಕೊಳ್ಳಬಹುದಲ್ಲ ಎಂದು ಬೆಂಗಳೂರಿನಿಂದ ಬಂದ ನೆಂಟರು ಕೇಳುತ್ತಾರೆ. ಕೊಳ್ಳಬಹುದು. ಅದಕ್ಕೆ ದುಡ್ಡು ಹೆಚ್ಚು, ಡೀಸೆಲ್ ಹೆಚ್ಚು, ರಿಪೇರಿ ಹೆಚ್ಚು. ಬೊಲೆರೊ ಪಿಕಪ್ಪು, ಟಾಟಾದ 207, ಈಚೆಗೆ ಯೋಧಾ, ಇವುಗಳ ಸಾಮಾನು ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತದೆ. ಬಿಚ್ಚಿ ಕಟ್ಟಲು ಬರುವ ಕೈಗಳು ಎಲ್ಲೆಡೆ ಇವೆ. ವರ್ಷದ ಎಂಟು ತಿಂಗಳು ಹಿಂದಿನ ಎರಡು ಚಕ್ರದ ಎಳೆತವೇ ಧಾರಾಳ. ಉಳಿದ ನಾಲ್ಕು ತಿಂಗಳಿಗಾಗಿ ಮನೆಯ ಬಜೆಟ್ಟನ್ನು ತಲೆಕೆಳಗು ಮಾಡಲು ಸಣ್ಣ ಹಿಡುವಳಿಯ ರೈತನಿಗೆ ಆಗುವುದಿಲ್ಲ. ಇರುವ ಗಾಡಿಯನ್ನೇ ನಮ್ಮ ನೆಲಕ್ಕೆ ಹೊಂದಿಸಿಕೊಳ್ಳಬೇಕು.

ಹೀಗೆ ಹೊಂದಿಸಿಕೊಳ್ಳುವುದೆಂದರೆ ಏನು ಎಂಬುದನ್ನು ನನಗೆ ಕಲಿಸಿದವರು ದಾಂಡೇಲಿಯ ಒಬ್ಬ ಹಿರಿಯ ಮಿಸ್ತ್ರಿ. ನಾನು ಗಾಡಿ ನಿಲ್ಲಿಸಿ, "ಮಿಸ್ತ್ರೀ, ನಾಲ್ಕಿಂಚು ಎತ್ತಬೇಕಲ್ಲ" ಅಂದೆ. ಅವರು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಎತ್ತೂದು ದೊಡ್ಡ ಮಾತಲ್ರಿ ಸರ. ಎಲ್ಲಿ ಬಡೀತೈತಿ ಅದನ್ನ ಮೊದಲ ಹೇಳ್ರಿ" ಅಂದರು. ಎಲ್ಲ ಕಡೆ ಬಡಿಯುತ್ತದೆ ಎಂದೆ. "ಎಲ್ಲಾ ಕಡೆ ಬಡೀಲಿಕ್ಕೆ ಸಾಧ್ಯ ಇಲ್ರಿ. ನೋಡೇ ಬಿಡೂಣು" ಎಂದು ಹುಡುಗನನ್ನು ಕರೆದು ಒಂದು ಡಬ್ಬಿಯಲ್ಲಿ ಸುಣ್ಣ ಕದಡಿಸಿದರು.

ಆ ಹುಡುಗ ಗಾಡಿಯ ಕೆಳಗೆ ಮಲಗಿ ಚೇಂಬರ್, ಗೇರ್‌ಬಾಕ್ಸು, ಸೈಲೆನ್ಸರಿನ ಕ್ಲ್ಯಾಂಪು, ಡೀಸೆಲ್ ಟ್ಯಾಂಕಿನ ತಳ, ಹೌಸಿಂಗಿನ ಬುರುಡೆ, ಹಿಂದೆ ನೇತಾಡುವ ಸ್ಟೆಪ್ನಿ, ಎಲ್ಲಕ್ಕೂ ದಪ್ಪಗೆ ಸುಣ್ಣ ಬಳಿದ. ಒಣಗಿದ ಮೇಲೆ ಮಿಸ್ತ್ರಿ ಹೇಳಿದ್ದು ಇಷ್ಟೇ: ದಿನಾ ಹೊರುವಷ್ಟೇ ಹೊರೆ ಹೇರಿಕೊಂಡು, ದಿನಾ ಹೋಗುವ ದಾರಿಯಲ್ಲೇ ಊರಿಗೆ ಹೋಗಿ ಬನ್ನಿ. ಹೋಗಿ ಬಂದು ರ‍್ಯಾಂಪಿನ ಮೇಲೆ ಗಾಡಿ ನಿಲ್ಲಿಸಿ ಬ್ಯಾಟರಿ ಬಿಟ್ಟು ನೋಡಿದಾಗ ನೆಲ ತಾನೇ ಗುರುತು ಮಾಡಿ ಕೊಟ್ಟಿತ್ತು. ಚೇಂಬರಿನ ಸುಣ್ಣ ಹಾಗೆಯೇ ಇತ್ತು. ಗೇರ್‌ಬಾಕ್ಸಿನದೂ ಇತ್ತು. ಹೌಸಿಂಗಿನ ಬುರುಡೆಯ ಸುಣ್ಣ ಪೂರಾ ಹೋಗಿ ಅಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಸೈಲೆನ್ಸರಿನ ಒಂದು ಕ್ಲ್ಯಾಂಪಿನಲ್ಲಿ ಉಗುರಗಲದ ಗೀರು. ಸ್ಟೆಪ್ನಿಯ ಹಿಂಬದಿ ಉಜ್ಜಿ ಹೋಗಿತ್ತು. ಇಡೀ ಹೊಟ್ಟೆಯ ದೂರು ಮೂರೇ ಜಾಗಕ್ಕೆ ಇಳಿಯಿತು.

ಆ ಮೂರಕ್ಕೂ ಮದ್ದು ಬೇರೆ ಬೇರೆ ಎಂದು ತಿಳಿದಾಗ ನನಗೆ ನಿಜವಾದ ಸಂತೋಷವಾಯಿತು. ಸ್ಟೆಪ್ನಿಯನ್ನು ಬಿಚ್ಚಿ ಕ್ಯಾಬಿನ್ನಿನ ಬೆನ್ನಿಗೆ, ಹೊರೆ ಹೇರುವ ಡಾಲಿಯೊಳಗೆ ನಿಲ್ಲಿಸಿ ಕಟ್ಟಿದರೆ ಹಿಂಬದಿ ಹಗುರ. ಹಳ್ಳದಿಂದ ಮೇಲೇರುವಾಗ ಬಾಲ ನೆಲಕ್ಕೆ ಉಜ್ಜುವುದು ತಪ್ಪುತ್ತದೆ. ಸೈಲೆನ್ಸರಿನ ಕ್ಲ್ಯಾಂಪನ್ನು ತಿರುಗಿಸಿ ಮೇಲಕ್ಕೆ ಕಟ್ಟಿದರೆ ಮುಗಿಯಿತು. ಉಳಿದದ್ದು ಹೌಸಿಂಗು. ಅದರ ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕು.

ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಕೊಳವೆ ಜೋಡಿಸಿರುತ್ತದೆ. ನಡುವೆ ಡಿಫರೆನ್ಷಿಯಲ್ಲಿನ ಹಲ್ಲುಗಳನ್ನು ಮುಚ್ಚಿಟ್ಟ ಆ ಗುಂಡನೆಯ ಬುರುಡೆ. ಪಿಕಪ್ಪಿನ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಸಾಮಾನ್ಯವಾಗಿ ಅದೇ. ಗಾಡಿಯ ಭಾರ ಹೊರುವ ಸ್ಪ್ರಿಂಗು ಪಟ್ಟಿ, ಎಂದರೆ ಪಾಟಾ ಎತ್ತರಿಸಿ, ಬ್ಲಾಕ್ ಇಟ್ಟು ಗಾಡಿಯನ್ನು ಎಷ್ಟು ಮೇಲಕ್ಕೆತ್ತಿದರೂ ಈ ಬುರುಡೆ ಮೇಲೇಳುವುದಿಲ್ಲ. ಮೇಲೇಳುವುದು ಪಾಟಾದ ಮೇಲಿರುವ ಚಾಸಿ, ಡಾಲಿ, ಕ್ಯಾಬಿನ್ನು. ಬುರುಡೆ ನಿಂತಿರುವುದು ಚಕ್ರದ ಮೇಲೆ. ಅದನ್ನು ಎತ್ತಲು ಇರುವ ದಾರಿ ಒಂದೇ, ದೊಡ್ಡ ಟೈರು. ಅಲ್ಲಿಯೂ ಲೆಕ್ಕ ಕಟ್ಟುನಿಟ್ಟು. 215/75 ಆರ್ 15 ಅಳತೆಯ ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್. 235/75 ಆರ್ 15ರದು ಸುಮಾರು 733. ವ್ಯಾಸದಲ್ಲಿ 30 ಮಿಲಿಮೀಟರ್ ಹೆಚ್ಚಿದರೂ ಅಚ್ಚು ಮೇಲೇರುವುದು ಅದರ ಅರ್ಧ, 15 ಮಿಲಿಮೀಟರ್ ಮಾತ್ರ. ಅಷ್ಟಕ್ಕೇ ಸ್ಪೀಡೋಮೀಟರು ಸುಳ್ಳು ಹೇಳತೊಡಗುತ್ತದೆ: ಮುಳ್ಳು 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ. ಟೈರು ಇನ್ನೂ ದೊಡ್ಡದಾದರೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಎಂಜಿನ್ನಿಗೆ ಏರಿನಲ್ಲಿ ಉಸಿರು ಸಾಲದು, ಬ್ರೇಕು ಹೆಚ್ಚು ತುಳಿಯಬೇಕು.

ಚಕ್ರ ದೊಡ್ಡದಾದರೆ ಅಚ್ಚು ಮೇಲೇರುತ್ತದೆ ಎಂಬ ಲೆಕ್ಕವನ್ನು ನಮ್ಮ ಕಡೆಯ ಬಡಿಗರು ಎಂದೋ ಮಾಡಿಟ್ಟಿದ್ದಾರೆ. ಭರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ಸಾಲುಗಟ್ಟಿ ನಮ್ಮ ಕಾಡು ಹಾಯ್ದು ಬರುತ್ತವೆ. ಎತ್ತಿನ ಕೊಂಬಿಗೆ ರಿಬ್ಬನ್ನು, ಕೊರಳಿಗೆ ಗೆಜ್ಜೆಸರ. ನಾನು ಮಾತ್ರ ಚಕ್ರ ನೋಡುತ್ತ ನಿಲ್ಲುತ್ತೇನೆ. ಹಳೆಯ ಮಾದರಿಯ ಮರದ ಚಕ್ರ ನಾಲ್ಕೂವರೆ ಅಡಿ ಇತ್ತೆಂದರೆ ಅದರ ಅಚ್ಚು ನೆಲದಿಂದ ಎರಡು ಅಡಿಗೂ ಮೇಲೆ. ದಾರಿಯ ನಡುವಿನ ದಿಣ್ಣೆ, ಬೇರು, ಕಲ್ಲು ಯಾವುದೂ ಅದನ್ನು ಮುಟ್ಟುವುದಿಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ತಂದಾಗ ಅಲ್ಲಿನ ಹಳ್ಳಿಯ ದಾರಿಗಳೂ ಕೆಸರಿನ ದಾರಿಗಳೇ. ಆ ಕಾರಿಗೂ ಎಳೆತ ಹಿಂದಿನ ಎರಡು ಚಕ್ರದಲ್ಲಿ ಮಾತ್ರ. ಎತ್ತರದ ಚಕ್ರ, ನೆಲದಿಂದ ಮೇಲೆ ನಿಂತ ಹೊಟ್ಟೆ, ಬಳುಕುವ ಪಾಟಾ, ಇವುಗಳ ಬಲದಿಂದಲೇ ಅದು ರೈತರ ಅಂಗಳ ತಲುಪಿತು. ರಸ್ತೆ ಕೆಟ್ಟಿದ್ದ ಕಾಲದ ಗಾಡಿಗಳೆಲ್ಲ ಎತ್ತರವಾಗಿದ್ದವು. ರಸ್ತೆ ಸುಧಾರಿಸಿದಂತೆ ಗಾಡಿಗಳು ತಗ್ಗಿದವು. ನಮ್ಮ ಮಜರೆಗಳಿಗೆ ಆ ಸುಧಾರಿಸಿದ ರಸ್ತೆ ಇನ್ನೂ ಬಂದಿಲ್ಲ, ತಗ್ಗಿನ ಗಾಡಿ ಮಾತ್ರ ಬಂದಿದೆ.

ಎತ್ತರದ ಜೊತೆಗೆ ಉದ್ದದ ಲೆಕ್ಕವೂ ಇದೆ. ಹಳೆಯ ವಿಲ್ಲಿಸ್ ಜೀಪು ನಮ್ಮ ಪಿಕಪ್ಪು ಹೊಟ್ಟೆಯೂರುವ ದಿಣ್ಣೆಯನ್ನು ಸುಮ್ಮನೆ ದಾಟಿ ಹೋಗುವುದನ್ನು ಕಂಡು, ಅದು ಬಹಳ ಎತ್ತರದ ಗಾಡಿ ಎಂದು ಎಲ್ಲರೂ ತಿಳಿಯುತ್ತಾರೆ. ಅದರ ಗುಟ್ಟು ಬಹುಪಾಲು ಗಿಡ್ಡತನದಲ್ಲಿದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅದರಲ್ಲಿ ಇರುವುದು 80 ಇಂಚು, ಎಂದರೆ ಎರಡು ಮೀಟರಿನ ಮೇಲೆ ಒಂದಿಷ್ಟು. ನಮ್ಮ ಪಿಕಪ್ಪುಗಳದು ಮೂರು ಮೀಟರು ಮತ್ತು ಅದಕ್ಕೂ ಹೆಚ್ಚು. ಎರಡಕ್ಕೂ ಹೊಟ್ಟೆ ನೆಲದಿಂದ 20 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಂಡರೆ, ಆ ಜೀಪು ಸುಮಾರು 22 ಡಿಗ್ರಿಯ ದಿಣ್ಣೆಯನ್ನು ಹೊಟ್ಟೆ ಮುಟ್ಟಿಸದೆ ದಾಟುತ್ತದೆ. ಮೂರು ಮೀಟರಿನ ಪಿಕಪ್ಪು 15 ಡಿಗ್ರಿಗೇ ಕೂರುತ್ತದೆ. ಪಿಕಪ್ಪನ್ನು ಎರಡಿಂಚು, ಎಂದರೆ 5 ಸೆಂಟಿಮೀಟರ್ ಎತ್ತಿದರೆ 19 ಡಿಗ್ರಿಯ ಹತ್ತಿರ ಬರುತ್ತದೆ. ಎರಡಿಂಚು ದೊಡ್ಡದಲ್ಲ ಅನ್ನಿಸಬಹುದು. ನಮ್ಮ ಊರಿನ ಹಳ್ಳದ ದಡದಲ್ಲಿ ಆ ನಾಲ್ಕು ಡಿಗ್ರಿಯೇ ದಾಟುವುದಕ್ಕೂ ಕೂತುಬಿಡುವುದಕ್ಕೂ ಇರುವ ಅಂತರ.

ಈ ಎರಡಿಂಚು ಎಲ್ಲಿಂದ ಬರಬೇಕು? ಮಿಸ್ತ್ರಿ ತೋರಿಸಿದ ಮೊದಲ ಜಾಗ ಪಾಟಾ. ಹೊಸ ಗಾಡಿಯ ಪಾಟಾ ನಡುವೆ ಚೆನ್ನಾಗಿ ಬಾಗಿರುತ್ತದೆ. ವರ್ಷಗಟ್ಟಲೆ ಹೊರೆ ಹೊತ್ತು ಆ ಬಾಗು ಇಳಿಯುತ್ತ ಬಂದು ಪಾಟಾ ನೆಟ್ಟಗಾಗುತ್ತದೆ, ಗಾಡಿ ಕುಳಿತುಕೊಳ್ಳುತ್ತದೆ. ಚಾಸಿಗೂ ಹೌಸಿಂಗಿಗೂ ನಡುವೆ ಟೇಪು ಹಿಡಿದು, ಅದೇ ಮಾದರಿಯ ಹೊಸ ಗಾಡಿಯ ಅಳತೆಯ ಜೊತೆ ಹೋಲಿಸಿ ನೋಡಿದರೆ ಕಳೆದುಹೋದ ಎತ್ತರ ಎಷ್ಟೆಂದು ಗೊತ್ತಾಗುತ್ತದೆ. ಬಹಳ ಸಲ ನಾವು ಹೊಸದಾಗಿ ಬೇಕು ಎನ್ನುವ ಎತ್ತರ ನಮ್ಮದೇ ಗಾಡಿ ಹಿಂದೆ ಕಳೆದುಕೊಂಡ ಎತ್ತರವೇ ಆಗಿರುತ್ತದೆ. ಪಾಟಾ ಬಿಚ್ಚಿ, ಮುರಿದ ಪ್ಲೇಟು ಬದಲಿಸಿ, ಬಾಗು ತಪ್ಪಿದ್ದನ್ನು ಹೊಸದಾಗಿ ಹಾಕಿಸಿ, ಸವೆದ ಬುಷ್ಷು, ಶ್ಯಾಕಲ್ ಪಿನ್ನು ತೆಗೆದು ಬೇರೆ ಹಾಕಿ, ಸೆಂಟರ್ ಬೋಲ್ಟು ಬಿಗಿ ಮಾಡಿ ಕೂರಿಸಿದರೆ ಗಾಡಿ ಎದ್ದು ನಿಲ್ಲುತ್ತದೆ. ಇದರಲ್ಲಿ ಕಾನೂನಿನ ತೊಡಕಿಲ್ಲ, ಬೇರೆ ಭಾಗಗಳಿಗೆ ಭಾರವಿಲ್ಲ. ಗಾಡಿ ಎತ್ತಬೇಕೆನ್ನುವ ಪ್ರತಿಯೊಬ್ಬರೂ ಮೊದಲು ಇದನ್ನು ಮಾಡಿಸಬೇಕು ಎಂದು ನಾನು ಕೈಮುಗಿದು ಹೇಳುತ್ತೇನೆ.

ಅದರಾಚೆಗೆ ಎತ್ತಬೇಕೆಂದರೆ ಹೌಸಿಂಗಿಗೂ ಪಾಟಾಕ್ಕೂ ನಡುವೆ ಉಕ್ಕಿನ ಬ್ಲಾಕ್ ಇಟ್ಟು ಉದ್ದನೆಯ ಯು ಬೋಲ್ಟಿನಿಂದ ಬಿಗಿಯುವುದು ರೂಢಿ. ಇಲ್ಲಿಂದ ಮುಂದೆ ಪ್ರತಿ ಇಂಚನ್ನೂ ಗಾಡಿಯ ಬೇರೆ ಯಾವುದೋ ಅಂಗದಿಂದ ಕಡ ತರಬೇಕಾಗುತ್ತದೆ. ಮೊದಲ ಕಡ ಜಾಯಿಂಟ್ ಶಾಫ್ಟಿನದು. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಆ ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳು ಒಂದಕ್ಕೊಂದು ಹೊಂದುವ ಕೋನದಲ್ಲಿ ತಿರುಗಬೇಕು. ಗಾಡಿ ಮೇಲೆದ್ದರೆ ಕೋನ ಕಡಿದಾಗುತ್ತದೆ. ಹೌಸಿಂಗಿನ ಮೂತಿಯನ್ನು ಓರೆ ಪಟ್ಟಿ ಕೊಟ್ಟು ಸರಿಪಡಿಸದಿದ್ದರೆ ಗಾಡಿ ಗಡಗಡ ಅನ್ನುತ್ತದೆ, ಕ್ರಾಸ್‌ಗಳು ಬೇಗ ಹಾಳಾಗುತ್ತವೆ. ಬ್ಲಾಕ್ ದಪ್ಪವಾದಷ್ಟೂ ಏರಿನಲ್ಲಿ ಎಳೆಯುವಾಗ ಹೌಸಿಂಗು ಪಾಟಾವನ್ನು ತಿರುಚುತ್ತದೆ. ಬ್ಲಾಕಿನ ಮೇಲೆ ಬ್ಲಾಕ್ ಪೇರಿಸುವುದಂತೂ ಕೂಡದು. ಮುಂದಿನ ಅಚ್ಚಿಗೆ ಬ್ಲಾಕ್ ಇಡಲೇಬಾರದು, ಏಕೆಂದರೆ ಬ್ರೇಕು ಹಾಕಿದಾಗ ಎಲ್ಲ ಒತ್ತಡ ಅಲ್ಲಿಗೇ ನುಗ್ಗುತ್ತದೆ. ಬ್ಲಾಕ್ ಜಾರಿದರೆ ಸ್ಟೇರಿಂಗು ಕೈಯಲ್ಲಿ ಉಳಿಯುವುದಿಲ್ಲ. ಬ್ರೇಕಿನ ರಬ್ಬರ್ ಪೈಪು ಎಳೆದು ನಿಂತಿದೆಯೇ ಎಂದು ನೋಡಬೇಕು. ಶಾಕಪ್ಪು ಉದ್ದ ಸಾಲುತ್ತದೆಯೇ ನೋಡಬೇಕು. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ತಗ್ಗಿಸಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಒಂದು ಸಣ್ಣ ಸರಳಿದೆ. ಹಲವು ಪಿಕಪ್ಪುಗಳಲ್ಲಿ ಚಾಸಿಯಿಂದ ಹೌಸಿಂಗಿಗೆ ಒಂದು ತೆಳು ಸರಳು ಹೋಗಿ, ಹೊರೆಯ ಲೆಕ್ಕ ನೋಡುವ ಬ್ರೇಕ್ ವಾಲ್ವಿಗೆ ಕೂಡಿಕೊಂಡಿರುತ್ತದೆ. ಗಾಡಿ ಖಾಲಿ ಇದ್ದಾಗ ಚಾಸಿ ಮೇಲಿರುತ್ತದೆ. ವಾಲ್ವು ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಕಡಿಮೆ ಮಾಡಿ, ಹಗುರವಾದ ಹಿಂದಿನ ಚಕ್ರಗಳು ಗಕ್ಕನೆ ಕಚ್ಚಿ ಜಾರದಂತೆ ಕಾಯುತ್ತದೆ. ಹೊರೆ ಬಿದ್ದು ಚಾಸಿ ಇಳಿದಾಗ ಪೂರ್ತಿ ಒತ್ತಡ ಬಿಡುತ್ತದೆ. ಈಗ ಗಾಡಿಯನ್ನು ಎತ್ತಿ ಈ ಸರಳನ್ನು ಹಾಗೆಯೇ ಬಿಟ್ಟರೆ, ಟನ್ನಿನಷ್ಟು ಸಿಮೆಂಟು ಹೇರಿದಾಗಲೂ ಗಾಡಿ ಖಾಲಿ ಇದೆ ಎಂದೇ ಆ ವಾಲ್ವಿನ ಲೆಕ್ಕ. ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ. ಅಣಶಿ ಘಟ್ಟ ಇಳಿಯುವಾಗ ಮುಂದಿನ ಬ್ರೇಕು ಒಂದೇ ದುಡಿದು ಕಾದು ಹೋಗುತ್ತದೆ. ಗಾಡಿ ಎತ್ತಿಸಿದವರು ಈ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಂಡೇ ಗ್ಯಾರೇಜಿನಿಂದ ಹೊರಡಬೇಕು. "ಎತ್ತರ ಕಣ್ಣಿಗೆ ಕಾಣತೈತ್ರಿ, ಬ್ರೇಕು ಕಾಣೂದಿಲ್ಲ" ಎಂದು ಮಿಸ್ತ್ರಿ ಅದನ್ನು ಬೆರಳಿನಿಂದ ಮುಟ್ಟಿ ತೋರಿಸಿದ್ದರು.

ಮಗುಚುವ ಭಯವೂ ಇದೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವನು ಓರೆ ನೆಲದಲ್ಲಿ ನಡೆದಂತೆ, ಭಾರ ಮೇಲೇರಿದಷ್ಟೂ ಓಲಾಟ ಹೆಚ್ಚು. ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಅಂತರ, ಗಾಡಿಯ ಒಟ್ಟು ಭಾರದ ಕೇಂದ್ರ ನೆಲದಿಂದ 80 ಸೆಂಟಿಮೀಟರ್ ಮೇಲೆ ಎಂದಿಟ್ಟುಕೊಳ್ಳೋಣ. ನಿಂತಲ್ಲೇ ಓರೆ ಮಾಡುತ್ತ ಹೋದರೆ ಕಾಗದದ ಲೆಕ್ಕದಲ್ಲಿ 41 ಡಿಗ್ರಿಗೆ ಅದು ಉರುಳುತ್ತದೆ. ನಾಲ್ಕಿಂಚು ಎತ್ತಿದರೆ 38ಕ್ಕೆ. ಅದೇ ಗಾಡಿಗೆ ಹುಲ್ಲಿನ ಹೊರೆಯನ್ನೋ ಬಿದಿರನ್ನೋ ಎತ್ತರಕ್ಕೆ ಪೇರಿಸಿ ಭಾರದ ಕೇಂದ್ರ 1.1 ಮೀಟರಿಗೆ ಏರಿದರೆ 32ಕ್ಕೇ. ಓಡುವ ಗಾಡಿ, ಬಳುಕುವ ಪಾಟಾ, ತಿರುವು, ಜಾರುವ ಹೊರೆ ಎಲ್ಲ ಸೇರಿದರೆ ಇನ್ನೂ ಬಹಳ ಮೊದಲೇ. ಎತ್ತಿದ ಗಾಡಿಗೆ ಹೊರೆಯನ್ನು ಅಗಲವಾಗಿ, ತಗ್ಗಾಗಿ ಹೇರುವ ಶಿಸ್ತು ಬರಬೇಕು. ಡಾಲಿಯ ಮೇಲೆ ಜನರನ್ನು ನಿಲ್ಲಿಸಿಕೊಂಡು ಹೋಗುವ ನಮ್ಮ ಕಡೆಯ ಅಭ್ಯಾಸ ಪೂರ್ತಿ ನಿಲ್ಲಬೇಕು.

ಕಾನೂನಿನ ಮಾತನ್ನೂ ಮುಚ್ಚಿಡಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಕೆಎ 65ರ ನಮ್ಮ ಗಾಡಿಗಳಿಗೆ ದಾಂಡೇಲಿಯಲ್ಲೇ ಸಾರಿಗೆ ಕಚೇರಿ ಇದೆ; ಬ್ಲಾಕ್ ಕೊಳ್ಳುವ ಮೊದಲು ಅಲ್ಲಿ ಹೋಗಿ ಕೇಳುವುದು ಒಳ್ಳೆಯದು. ಹಾಗಾಗಿಯೇ ಪಾಟಾ ಸರಿಪಡಿಸುವುದು, ಸ್ಟೆಪ್ನಿ ಸರಿಸುವುದು, ಕಂಪನಿಯೇ ಆ ಮಾದರಿಗೆ ಒಪ್ಪಿದ ದೊಡ್ಡ ಅಳತೆಯ ಟೈರು ಹಾಕುವುದು, ಇಷ್ಟರಲ್ಲೇ ಎರಡಿಂಚಿನ ಹತ್ತಿರ ಹೋಗುವ ದಾರಿ ನನಗೆ ಮೆಚ್ಚು. ನಾನು ಮಾಡಿಸಿಕೊಂಡದ್ದೂ ಅಷ್ಟನ್ನೇ. ನಾಲ್ಕಿಂಚಿನ ಮಾತನ್ನು ಮತ್ತೆ ಎತ್ತಬೇಕು ಅನ್ನಿಸಲಿಲ್ಲ.

ಗಾಡಿ ಊರಿಗೆ ಬಂದ ದಿನ ಪಕ್ಕದ ಮನೆಯ ಕುಣಬಿ ಹಿರಿಯರು ಬಂದು ಸುತ್ತ ನೋಡಿದರು. ಹಿಂದೆ ಜೀಪು ಓಡಿಸುತ್ತಿದ್ದವರು, ಊರಿಗೆಲ್ಲ ಮಾಮಾ. "ಚಂದ ಆಯ್ತು. ಚಕ್ರಕ್ಕೆ ಹಿಡಿತ ಬಂತಾ?" ಎಂದು ಕೇಳಿದರು. "ಹಿಡಿತ ಅಷ್ಟೇ ಮಾಮಾ, ಹೊಟ್ಟೆ ಮಾತ್ರ ಮೇಲೆ ಬಂತು" ಎಂದೆ. "ಹಾಗಾದ್ರೆ ಕಾಲಿಗೆ ಕೆಲಸ ಕೊಡು. ಹಳ್ಳ ಬಂದಲ್ಲಿ ಇಳಿದು ನಡೀಬೇಕು, ಆಮೇಲೆ ಗಾಡಿ ನಡೆಸಬೇಕು" ಎಂದರು.

ಟೂ ವೀಲ್ ಡ್ರೈವ್ ಗಾಡಿಯ ಪೂರ್ತಿ ಪಾಠ ಆ ಮಾತಿನಲ್ಲಿದೆ. ಎತ್ತರ ಮತ್ತು ಹಿಡಿತ ಬೇರೆ ಬೇರೆ. ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಸುತ್ತತೊಡಗಿತೆಂದರೆ ಡಿಫರೆನ್ಷಿಯಲ್ಲು ಎಂಜಿನ್ನಿನ ತಿರುಗಾಟವನ್ನೆಲ್ಲ ಅದಕ್ಕೇ ಸುರಿಯುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ, ಎತ್ತಿದ ಗಾಡಿಯೂ ಹೊಟ್ಟೆಯೂರುತ್ತದೆ. ಖಾಲಿ ಪಿಕಪ್ಪಿನ ಹಿಂಬದಿ ಹಗುರ, ಆದ್ದರಿಂದ ಮಳೆಗಾಲದಲ್ಲಿ ನಾವು ಹಿಂದಿನ ಅಚ್ಚಿನ ನೇರಕ್ಕೆ ಮರಳಿನ ಚೀಲಗಳನ್ನು ಹಾಕಿಕೊಂಡು ಹೋಗುತ್ತೇವೆ. ಚಿಕ್ಕಮಗಳೂರು, ಕೊಡಗಿನ ತೋಟಗಳ ಜೀಪಿನವರು ಮಾಡುವಂತೆ ಕೆಸರಿನ ಏರಿಗೆ ಟೈರಿಗೆ ಚೈನ್ ಕಟ್ಟುತ್ತೇವೆ, ಡಾಂಬರು ಬಂದ ಕೂಡಲೇ ಬಿಚ್ಚುತ್ತೇವೆ. ಆಳವಾದ ಜಾಡಿನಲ್ಲಿ ಎರಡೂ ಚಕ್ರ ಇಳಿಸಿದರೆ ಹೌಸಿಂಗು ನಡುವಿನ ದಿಣ್ಣೆಯನ್ನು ಉಳುತ್ತದೆ. ಒಂದು ಚಕ್ರವನ್ನು ದಿಣ್ಣೆಯ ಮೇಲೆ, ಇನ್ನೊಂದನ್ನು ಜಾಡಿನ ಹೊರ ಅಂಚಿನ ಮೇಲೆ ಇಟ್ಟು ನಿಧಾನ ಸಾಗಿದರೆ ಯಾವ ಬ್ಲಾಕೂ ಕೊಡದ ಎತ್ತರ ಪುಕ್ಕಟೆ ಸಿಗುತ್ತದೆ. ಹಳ್ಳದಲ್ಲಿ ನೀರು ಹರಿಯುತ್ತಿದ್ದರೆ ಕೋಲು ಹಿಡಿದು ನಡೆದು ನೋಡಬೇಕು. ನೀರು ಎಳೆಯುತ್ತಿದ್ದರೆ ಕಾಲನ್ನೂ ಇಡದೆ ದಡದಲ್ಲೇ ನಿಲ್ಲಬೇಕು. ರಭಸವಾಗಿ ಹರಿಯುವ ಎರಡು ಅಡಿ ನೀರು ದೊಡ್ಡ ಗಾಡಿಗಳನ್ನೂ ಎತ್ತಿ ಒಯ್ಯಬಲ್ಲದು. ಎತ್ತರಿಸಿದ್ದೇವೆ ಎಂಬ ಧೈರ್ಯದಿಂದ ಹೊಳೆಗೆ ಇಳಿಸಿದ ಗಾಡಿಗೆ ಅದರ ಎತ್ತರ ಯಾವ ಸಹಾಯವನ್ನೂ ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ದಾರಿಯ ಕಡೆಗೆ. ಗಾಡಿಗೆ ಕೊಡಬಹುದಾದ ಎತ್ತರಕ್ಕೆ ಮಿತಿ ಇದೆ. ದಾರಿ ತಗ್ಗುವುದಕ್ಕೆ ಮಿತಿ ಇಲ್ಲ. ಈ ಮಳೆಗಾಲ ಅರ್ಧ ಅಡಿ ಇದ್ದ ಜಾಡು ಮುಂದಿನ ಮಳೆಗಾಲ ಒಂದು ಅಡಿ. ಅದನ್ನು ಕೊರೆಯುವುದು ನಮ್ಮ ಚಕ್ರಗಳಿಗಿಂತ ಹೆಚ್ಚಾಗಿ ನೀರು. ಗುಡ್ಡದಿಂದ ಇಳಿದ ನೀರಿಗೆ ಬದಿಯ ಚರಂಡಿ ಸಿಗದಿದ್ದರೆ ಅದು ದಾರಿಯನ್ನೇ ಚರಂಡಿ ಮಾಡಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಗುದ್ದಲಿ, ಪಿಕಾಸಿ ಹಿಡಿದು ಮೇಲ್ಬದಿಯ ಚರಂಡಿ ತೆರೆದು, ಏರಿನಲ್ಲಿ ಅಲ್ಲಲ್ಲಿ ಓರೆಯಾಗಿ ಕಾಲುವೆ ಕಡಿದು ನೀರನ್ನು ಕೆಳಬದಿಗೆ ದಾಟಿಸಿ, ಜಾಡಿಗೆ ಚಿರೆಕಲ್ಲಿನ ಚೂರು ತುಂಬಿ ದಮ್ಮಸ್ಸು ಮಾಡಿದ ಕಡೆ ಆಗಸ್ಟಿನಲ್ಲೂ ಎತ್ತದ ಗಾಡಿಗಳು ಓಡುವುದನ್ನು ನಾನು ನೋಡಿದ್ದೇನೆ. ಒಂದು ಗಾಡಿಯನ್ನು ಎತ್ತಿದರೆ ಒಂದು ಮನೆಗೆ ಅನುಕೂಲ. ದಾರಿಯ ನೀರು ತಿರುಗಿಸಿದರೆ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿಗೂ, ತಲೆ ಮೇಲೆ ಹೊರೆ ಹೊತ್ತ ಅಜ್ಜಿಗೂ, ಆಂಬ್ಯುಲೆನ್ಸಿಗೂ ಅನುಕೂಲ.

ಹುಲಿ ಸಂರಕ್ಷಿತ ಪ್ರದೇಶದ ನೆರೆಯಲ್ಲಿರುವ ನಮ್ಮ ಹಳ್ಳಿಗಳಲ್ಲಿ ಅಗಲವಾದ ಡಾಂಬರು ಹಾಸಬೇಕೆಂದು ನಾನು ಕೇಳುವುದಿಲ್ಲ. ಈ ಕಾಡು ನಮ್ಮದು, ಇದರ ಪ್ರಾಣಿಗಳು ರಾತ್ರಿ ನೆಮ್ಮದಿಯಿಂದ ದಾರಿ ದಾಟಬೇಕು. ಕೇಳುವುದು ಸಣ್ಣದನ್ನು, ಕಾನೂನು ಈಗಾಗಲೇ ಕೊಟ್ಟಿರುವುದನ್ನು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಸಾಲಿನಲ್ಲಿ ರಸ್ತೆಯೂ ಇದೆ. ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಿರುವುದು, ಮತ್ತು ಗ್ರಾಮಸಭೆಯ ಶಿಫಾರಸು, ಇವು ಅದರ ಷರತ್ತುಗಳು. ನಾವು ಕೇಳುವ ಕೆಲಸಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಬರುವ ಗ್ರಾಮಸಭೆಗೆ ನಮ್ಮ ಮಜರೆಯವರು ಬರೆದುಕೊಂಡು ಹೋಗುವ ಕಾಗದದಲ್ಲಿ ಮೂರೇ ಕಲಮು ಇವೆ: ಹಳ್ಳ ದಾಟುವಲ್ಲಿ ಮೋರಿ ಹಾಕಬೇಕು, ಏರಿನ ಮೇಲ್ಬದಿಗೆ ಕಲ್ಲು ಕಟ್ಟಿದ ಚರಂಡಿ ಬೇಕು, ಮಳೆಗಾಲಕ್ಕೆ ಮುಂಚೆ ಜಾಡಿಗೆ ಚಿರೆಕಲ್ಲು ತುಂಬಲು ವರ್ಷ ವರ್ಷ ಹಣ ಇಡಬೇಕು. ಕಲ್ಲು ಸಾಗಿಸಲು ಗಾಡಿ ನಮ್ಮದು, ಹಾಸಲು ಕೈ ನಮ್ಮದು ಎಂದು ಕೆಳಗೆ ಬರೆದು ಎಲ್ಲರೂ ರುಜು ಹಾಕಿದ್ದೇವೆ. ಮೊದಲ ರುಜು ಮಾಮಾನದು.